ವಿಮಾನದ ಸೆರಗು

“ಇನ್ನೊಮ್ಮಿ ಒತ್ತವ್ವಾ,” ಎಂದು ಸುರೇಶಕುಮಾರ ರೆಕ್ಕೆಯ ಕೆಳಗಿನಿಂದ ಕೂಗಿದ.

ಪೈಲಟ್ ಸೀಟಿನಲ್ಲಿ ಕುಳಿತಿದ್ದ ಮಗಳು ಲುಂಬಿನಿ ಸ್ವಿಚ್ಚು ಒತ್ತಿದಳು. ರೆಕ್ಕೆಗಳ ಹಿಂಬದಿಗೆ ಕೂಡಿಸಿದ್ದ ಉದ್ದನೆಯ ಪಟ್ಟಿಗಳು ಒಂದಿಷ್ಟು ಕೆಳಗೆ ಬಾಗಿದವು. ಮೋಟಾರು ಗುಂಯ್‌ಗುಟ್ಟಿತು. ಪಟ್ಟಿಗಳು ಅಲ್ಲೇ ನಿಂತವು. ಮೇಲೂ ಇಲ್ಲ, ಕೆಳಗೂ ಇಲ್ಲ.

“ನಿಂತ್ವು ಅಪ್ಪಾ.”

“ಕಾಣಾಕತ್ತದ.”

ಪುಸ್ತಕದಲ್ಲಿ ಈ ಪಟ್ಟಿಗೆ ಫ್ಲ್ಯಾಪ್ ಎಂದು ಹೆಸರು. ದಂಡೋತಿಯಲ್ಲಿ ಅದು ಸೆರಗು. ಹಾಗೆ ಕರೆದವಳು ಅದರ ಬಟ್ಟೆ ಹೊಲಿದ ಭೀಮಮ್ಮ. ಅವಳು ಒಂದಕ್ಕೆ ಹೆಸರಿಟ್ಟಳೆಂದರೆ ಅದನ್ನು ಬದಲಿಸುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ವಿಮಾನವನ್ನು ಕೈಯಾರೆ ಕಟ್ಟಿದ ಸುರೇಶಕುಮಾರನೇ ಕೊನೆಗೆ ಸೋತು ಸೆರಗು ಎನ್ನತೊಡಗಿದ್ದ. ಸೆರಗು ಇಳಿಬಿಟ್ಟರೆ ವಿಮಾನ ನಿಧಾನಕ್ಕೆ ಇಳಿದು ಕಡಿಮೆ ಜಾಗದಲ್ಲಿ ನಿಲ್ಲುತ್ತದೆ. ಇವನ ಹೊಲದಲ್ಲಿ ಇದ್ದದ್ದೂ ಕಡಿಮೆ ಜಾಗವೇ. ಈ ತುದಿಗೆ ಬದು, ಆ ತುದಿಗೆ ಕಾಗಿಣಾ ಹೊಳೆ. ಸೆರಗು ಇಳಿಯದಿದ್ದರೆ ವಿಮಾನ ನಿಲ್ಲುವುದು ಹೊಳೆಯಲ್ಲೇ.

ಆ ಭೀಮಮ್ಮ ನಿನ್ನೆ ಸಂಜೆ ವಾಡಿಯಲ್ಲಿ ತೀರಿಕೊಂಡಿದ್ದಳು. ಇವತ್ತು ಅವಳ ಮಣ್ಣು. ಊರೊಳಗಿನಿಂದ ಭಜನೆಯ ತಾಳ ಕೇಳಿಬರುತ್ತಿತ್ತು. ಅವಳನ್ನು ಹೊಲಕ್ಕೆ ತಂದು ಇಳಿಸುವ ಹೊತ್ತಿಗೆ ಈ ವಿಮಾನ ಮೇಲೇರಿ ಅವಳ ಮೇಲೆ ಒಂದು ಸುತ್ತು ಹಾಕಬೇಕಾಗಿತ್ತು. ಹಾಗೆಂದು ಲುಂಬಿನಿ ಅವಳ ಕೈಹಿಡಿದು ಮಾತು ಕೊಟ್ಟಿದ್ದಳು.

ಸುರೇಶಕುಮಾರನ ಕೈ ಮೊದಲು ಹೋದದ್ದು ಮೋಟಾರಿಗಲ್ಲ, ರೆಕ್ಕೆಗೆ ತೊಡಿಸಿದ್ದ ಬಟ್ಟೆಗೆ. ರೆಕ್ಕೆಗೂ ಸೆರಗಿಗೂ ನಡುವಿನ ಸಂದಿಯಲ್ಲಿ ಬೆರಳು ಆಡಿಸುತ್ತ ಆ ತುದಿಯಿಂದ ಈ ತುದಿಯವರೆಗೆ ನಡೆದ. ಹೊಲಿಗೆ ಎಲ್ಲೂ ಎದ್ದಿರಲಿಲ್ಲ. ಒಂದು ನೂಲೂ ಸಡಿಲವಾಗಿರಲಿಲ್ಲ.

“ಬಟ್ಟಿ ಬರೋಬ್ಬರಿ ಅದ,” ಎಂದ. “ಈ ಸಲ ನಿನ್ನ ತಪ್ಪಿಲ್ಲ ಬಿಡು, ಭೀಮಕ್ಕ.”

* * *

ಭೀಮಮ್ಮನ ಹೊಲಿಗೆ ಯಂತ್ರ ಇದ್ದದ್ದು ವಾಡಿಯ ಸ್ಟೇಷನ್ ರಸ್ತೆಯಲ್ಲಿ, ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ. ಪಕ್ಕದಲ್ಲಿ ಅಮೀರ್ಬೀ ಕೂತು ಹುಕ್ಕು, ಗುಂಡಿ ಹಚ್ಚಿಕೊಡುತ್ತಿದ್ದಳು. ಇಬ್ಬರೂ ಜೊತೆಯಾಗಿ ಕೂತು ಎಷ್ಟು ವರ್ಷವಾಯಿತೆಂದು ಕೇಳಿದರೆ ಇಬ್ಬರೂ ಬೇರೆಬೇರೆ ಲೆಕ್ಕ ಹೇಳಿ ಜಗಳಾಡುತ್ತಿದ್ದರು. ಜಂಪರು, ಲಂಗ, ಶಾಲೆಯ ಅಂಗಿಗಳಲ್ಲದೆ ಸಿಮೆಂಟ್ ಕಾರ್ಖಾನೆಗೆ ಧೂಳು ಹಿಡಿಯುವ ದಪ್ಪ ಬಟ್ಟೆಯ ಚೀಲಗಳನ್ನೂ ಭೀಮಮ್ಮ ಹೊಲಿಯುತ್ತಿದ್ದಳು. ಆಳೆತ್ತರದ ಚೀಲಗಳು. ಅವನ್ನು ನೋಡಿ ಪಾಸು ಮಾಡುತ್ತಿದ್ದವನು ಕಾರ್ಖಾನೆಯ ಇಂಜಿನಿಯರ್ ಸುರೇಶಕುಮಾರ.

ಅವನು ರಿಟೈರಾದ ಮೇಲೆ ಒಂದು ದಿನ ಕಟ್ಟೆಯ ಹತ್ತಿರ ಬಂದು ನಿಂತ.

“ಭೀಮಮ್ಮ, ಒಂದು ಹೊಲಿಗಿ ಕೆಲಸ ಅದ.”

“ಯಾರ್ದು ಸಾಹೇಬ್ರ? ಅಳತಿ ಅಂಗಿ ತಂದೀರೇನು?”

“ವಿಮಾನದ್ದು.”

ಭೀಮಮ್ಮ ಅಮೀರ್ಬೀಯ ಮುಖ ನೋಡಿದಳು.

“ರಿಟೈರ್ ಆದ ಮ್ಯಾಲ ಕೆಲವ್ರಿಗಿ ಹಿಂಗ ಆಗ್ತದವಾ,” ಎಂದಳು ಅಮೀರ್ಬೀ. “ಕುಂದ್ರಸು, ಚಹಾ ಹೇಳು.”

ಚಹಾ ಕುಡಿಯುತ್ತ ಅವನು ವಿವರಿಸಿದ. ಕೊಳವೆಗಳನ್ನು ಕೂಡಿಸಿ ಎರಡು ಸೀಟಿನ ಸಣ್ಣ ವಿಮಾನ ಕಟ್ಟುತ್ತಿದ್ದೇನೆ. ಅದರ ಎಲುಬು ಲೋಹದ್ದು, ಚರ್ಮ ಬಟ್ಟೆಯದು. ಪರವಾನಗಿಯ ಕಾಗದಪತ್ರಕ್ಕೆ ಓಡಾಡುತ್ತಿದ್ದೇನೆ. ಮಗಳು ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಳೆ. ಭೀಮಮ್ಮ ಎಲ್ಲ ಕೇಳಿ, ಅವನು ಬಿಚ್ಚಿ ತೋರಿಸಿದ ನಕ್ಷೆಯನ್ನು ಪಕ್ಕಕ್ಕೆ ಸರಿಸಿದಳು. ಅಳತೆಯನ್ನು ತಾನೇ ತೆಗೆಯಬೇಕು, ಕಾಗದ ನೋಡಿ ಹೊಲಿದ ಬಟ್ಟೆ ಯಾರ ಮೈಗೂ ಕೂಡುವುದಿಲ್ಲ ಎಂದಳು.

ಅವಳ ಗಂಡ ಕಾಶಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವನು. ಅವನ ಪಾಲಿನ ಹೊಲ ದಂಡೋತಿಯಲ್ಲಿ, ಸುರೇಶಕುಮಾರನ ಹೊಲದ ಮಗ್ಗುಲಲ್ಲೇ ಇತ್ತು. ಪ್ರತಿ ಭಾನುವಾರ ಗಂಡಹೆಂಡತಿ ರೊಟ್ಟಿ ಕಟ್ಟಿಕೊಂಡು ಬರತೊಡಗಿದರು. ಕುತ್ತಿಗೆಗೆ ಟೇಪು ಹಾಕಿಕೊಂಡ ಭೀಮಮ್ಮ ವಿಮಾನದ ಸುತ್ತ ಓಡಾಡಿ ಅದಕ್ಕೆ ತೋಳು, ಬೆನ್ನು, ಸೊಂಟ ಎಂದು ಗುರುತು ಹಾಕಿದಳು. ‘ಸಾಹೇಬ್ರ’ ಎನ್ನುತ್ತಿದ್ದವಳು ಮಳೆಗಾಲ ಮುಗಿಯುವಷ್ಟರಲ್ಲಿ ‘ತಮ್ಮಾ’ ಎನ್ನತೊಡಗಿದ್ದಳು. ಅವನು ಮನೆಯಲ್ಲಿ ಒಬ್ಬನೇ ಮಗನಾಗಿ ಬೆಳೆದವನು. ಅಕ್ಕ ಎನ್ನಲು ಒಬ್ಬಳು ಸಿಕ್ಕಳೆಂದು ಅವನಿಗೆ ಆದ ಖುಷಿಯನ್ನು ಅವನು ಯಾರ ಮುಂದೆಯೂ ಮುಚ್ಚಿಡಲಿಲ್ಲ.

* * *

ಕಾಶಪ್ಪನ ಹೊಲದಲ್ಲಿ ಭೀಮಮ್ಮನ ಚಟ್ಟ ಇಳಿಸಿದ್ದರು. ಕುಣಿ ತೋಡಿ ಮುಗಿಸಿದ ಭಾಗಣ್ಣ ಅದರ ದಂಡೆಯಲ್ಲಿ ಕೂತು ಮೈ ಒರೆಸಿಕೊಳ್ಳುತ್ತಿದ್ದ. ಅವನು ಕಾಶಪ್ಪನ ಹೊಲವನ್ನು ಪಾಲಿಗೆ ಮಾಡುವವನು. ತೊಗರಿ ಕೊಯ್ದು ಬೋಳಾದ ಹೊಲ, ಸುತ್ತ ಒಂದು ಗಿಡವಿಲ್ಲ. ಸೇಡಂ, ಚಿತ್ತಾಪುರಗಳಿಂದ ಬಂದ ನೆಂಟರು, ವಾಡಿಯ ಗಿರಾಕಿಗಳು ತಲೆಯ ಮೇಲೆ ಸೆರಗು, ಟವೆಲ್ಲು ಹೊದ್ದು ಬಿಸಿಲಲ್ಲೇ ಕೂತಿದ್ದರು.

“ನನ್ನ ಮಗಳ ಮದಿವಿ ಜಂಪರ್ ಅದಲ್ಲ, ಅದನ್ನ ಈಗ ಮೊಮ್ಮಗಳು ಹಾಕ್ಕೊಳ್ತಾಳ,” ಎಂದಳು ಅಮೀರ್ಬೀ. “ಭೀಮವ್ವ ಎಲ್ಲಾದರಾಗೂ ಒಳಗ ಬಟ್ಟಿ ಬಿಡ್ತಿದ್ಲು. ನಾ ಎಷ್ಟ್ ಬೈದೀನಿ. ಯಾಕ ಬಿಡ್ತೀ, ಬಿಗಿ ಆದ್ರ ಮತ್ತೊಂದು ಹೊಲಿಸ್ತಾರ, ನಿನಗೂ ಕೆಲಸ ನನಗೂ ಕೆಲಸ ಅಂತ. ಕೇಳಬೇಕಲ್ಲ!”

“ಖರೇ ಅದ,” ಎಂದಳು ಸೇಡಂನಿಂದ ಬಂದಿದ್ದ ಒಬ್ಬಾಕೆ. “ಎರಡನೇ ಹೆರಿಗಿ ಆದ ಮ್ಯಾಲ ನಾ ಹೊಸ ಜಂಪರ್ ಹೊಲಿಸೇ ಇಲ್ಲ. ಒಂದು ಹೊಲಿಗಿ ಬಿಚ್ಚೂದು, ಹಾಕ್ಕೊಳ್ಳೂದು. ಬಿಚ್ಚಿದಾಗೆಲ್ಲ ಆಕಿ ನೆನಪಾಗ್ತಿತ್ತು.”

“ಗಿರಾಕಿ ಮತ್ತ ಬರಲಾರ್ದಂಗ ಹೊಲಿಯೋ ಟೇಲರ್ ಅಂದ್ರ ಈಕಿ ಒಬ್ಬಾಕಿನೇ ನೋಡ್ರಿ,” ಎಂದ ಭಾಗಣ್ಣ.

ಕೂತವರು ನಕ್ಕರು. ನಗುತ್ತಲೇ ಕೆಲವರು ಕಣ್ಣು ಒರೆಸಿಕೊಂಡರು. ಒಬ್ಬ ಮುದುಕ ತನ್ನ ಅಂಗಿಯ ಮಗ್ಗುಲು ಹೊರಳಿಸಿ ಪಕ್ಕದವನಿಗೆ ತೋರಿಸಿದ. ಪಕ್ಕದವನೂ ತನ್ನದನ್ನು ಹೊರಳಿಸಿದ. ಇಬ್ಬರ ಅಂಗಿಯ ಒಳಗೂ ಬೆರಳುದ್ದದ ಹೆಚ್ಚಿನ ಬಟ್ಟೆ ಅಚ್ಚುಕಟ್ಟಾಗಿ ಮಡಚಿಕೊಂಡಿತ್ತು.

ಭೀಮಮ್ಮನ ಮಗಳು ಕರುಣಾ ನಗಲಿಲ್ಲ. ಶಹಾಬಾದಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳು ಅವ್ವನನ್ನು ತಿಂಗಳುಗಟ್ಟಲೆ ತಾನೇ ನೋಡಿಕೊಂಡಿದ್ದಳು. ಅಳುವುದಕ್ಕೂ ಶಕ್ತಿ ಉಳಿದಿರಲಿಲ್ಲ. ಅವ್ವನ ಮುಖದ ಮೇಲೆ ಬಿಸಿಲು ಬೀಳದ ಹಾಗೆ ಕೊಡೆ ಹಿಡಿದು ಕೂತಿದ್ದಳು.

“ಹೊತ್ತು ಇಳೀಲಿಕತ್ತದ ಅಪ್ಪಾ,” ಎಂದಳು. “ಆ ವಿಮಾನ ಬರ್ತದೋ ಇಲ್ಲೋ? ಎಷ್ಟೊತ್ತು ಅಂತ ಅವ್ವನ್ನ ಹಿಂಗ ಬಿಸಲಾಗ ಇಡೂದು?”

ಕಾಶಪ್ಪ ಬದುವಿನ ಆಚೆ ಸುರೇಶಕುಮಾರನ ಹೊಲದಲ್ಲಿ ಕಾಣುವ, ವಿಮಾನವಿದ್ದ ತಗಡಿನ ಶೆಡ್ಡಿನತ್ತ ನೋಡಿದ. “ಬಾ, ಕೇಳ್ಕೊಂಡು ಬರಮ್,” ಎಂದು ಎದ್ದ. ಕರುಣಾ ಕೊಡೆಯನ್ನು ಅಮೀರ್ಬೀಯ ಕೈಗೆ ಕೊಟ್ಟು ಅವನ ಹಿಂದೆ ಹೊರಟಳು.

* * *

ವಿಮಾನದ ಮೈಗೆಲ್ಲ ಬಟ್ಟೆ ತೊಡಿಸಿ, ಅದನ್ನು ಬಿಗಿ ಮಾಡುವ ವಾರ್ನಿಷು ಬಳಿದ ಮೇಲೆ ಶುರುವಾದದ್ದು ಸೆರಗಿನ ರಗಳೆ. ಇಳಿಯುವಾಗ ಸೊಗಸಾಗಿ ಇಳಿಯುತ್ತಿತ್ತು. ಏರುವಾಗ ಮಾತ್ರ, ಇನ್ನೇನು ಪೂರ್ತಿ ಮುಚ್ಚಬೇಕು ಎನ್ನುವಾಗ ಮೋಟಾರು ತೇಕುತ್ತಿತ್ತು, ಫ್ಯೂಸು ಹಾರಿಹೋಗುತ್ತಿತ್ತು.

ಸುರೇಶಕುಮಾರ ಫ್ಯೂಸು ಬದಲಿಸಿದ. ಸ್ವಿಚ್ಚು ಬದಲಿಸಿದ. ರಜೆಗೆ ಬಂದಿದ್ದ ಲುಂಬಿನಿ ಮೀಟರು ಹಿಡಿದು ಒಂದೊಂದೇ ವೈರಿನ ಜಾಡು ಹಿಡಿದಳು. ‘ಇನ್ನು ಸಾಕು ನಿಲ್ಲು’ ಎಂದು ಮೋಟಾರಿಗೆ ಹೇಳುವ ಪುಟ್ಟ ಸ್ವಿಚ್ಚನ್ನು ಅತ್ತಿತ್ತ ಸರಿಸಿ ನೋಡಿದರು. ಕೊನೆಗೆ ಮೋಟಾರನ್ನೇ ಅದರ ಉದ್ದ ಸ್ಕ್ರೂ ಸಮೇತ ಬಿಚ್ಚಿ ಮೇಜಿನ ಮೇಲಿಟ್ಟು ಓಡಿಸಿದರು. ಬೆಣ್ಣೆಯಂತೆ ತಿರುಗಿತು. ಮತ್ತೆ ಕೂಡಿಸಿದರೆ ಅದೇ ಹಾಡು. ಅಪ್ಪ ಮಗಳಿಗೆ ಮಾತಿಗೆ ಮಾತು ಬೆಳೆದು ಎರಡು ದಿನ ಮಾತೇ ನಿಂತಿತು. ಮೋಟಾರಿಗೆ ಶಕ್ತಿ ಸಾಲದು, ದೊಡ್ಡದನ್ನು ಪರದೇಶದಿಂದ ತರಿಸಬೇಕು ಎಂದು ಅವನು ತೀರ್ಮಾನಿಸಿದ.

ಭಾನುವಾರ ಬಂದ ಭೀಮಮ್ಮ ಇದನ್ನು ಕೇಳಿ ಸೊಂಟದ ಮೇಲೆ ಕೈಯಿಟ್ಟಳು.

“ನಾ ಎಷ್ಟ್ ಚಂದ ಹೊಲಿದು ಕೊಟ್ಟೀನಿ. ಅಪ್ಪ ಮಗಳು ಇಬ್ರಿಗೂ ಒಂದು ಮೋಟಾರ್ ಬರೋಬ್ಬರಿ ಇಡ್ಲಿಕ್ಕಿ ಬರಂಗಿಲ್ಲೇನು?”

ಬಾಗಿಲಲ್ಲಿ ಕೂತು ತಂಬಾಕು ತಿಕ್ಕುತ್ತಿದ್ದ ಕಾಶಪ್ಪ ತಲೆ ಎತ್ತದೆ ಹೇಳಿದ: “ಇಕಿ ಅದಕ್ಕೂ ಬಿಟ್ಟಾಳೇನು, ಕೇಳು ತಮ್ಮಾ.”

“ಏನು ಬಿಟ್ಟಾಳ ಮಾಮಾ?”

ಕಾಶಪ್ಪ ತನ್ನ ಅಂಗಿಯ ಮಗ್ಗುಲನ್ನು ಹೊರಳಿಸಿ ಒಳಗೆ ಮಡಚಿದ್ದ ಬಟ್ಟೆಯನ್ನು ತೋರಿಸಿದ. ಸುರೇಶಕುಮಾರ ಅದನ್ನು ನೋಡಿದ, ಸೆರಗನ್ನು ನೋಡಿದ, ಆಮೇಲೆ ಮೆಲ್ಲಗೆ ಭೀಮಮ್ಮನ ಕಡೆ ತಿರುಗಿದ.

“ಭೀಮಕ್ಕ, ವಿಮಾನಕ್ಕೂ ಬಿಟ್ಟೀದೇನು?”

“ಬಿಡಲಾರ್ದ ಮತ್ತ? ಯಾರಿಗಿ ಬಿಟ್ಟಿಲ್ಲ ನಾನು? ನಾಳಿ ಮೈ ಬಂದ್ರ ಬಟ್ಟಿ ಎಲ್ಲಿಂದ ತರ್ತಿ?”

“ವಿಮಾನಕ್ಕ ಮೈ ಬರಂಗಿಲ್ಲವ್ವಾ!”

“ಅದನ್ನ ನೀ ನನಗ ಮೊದ್ಲ ಹೇಳಬೇಕಿತ್ತು.”

ಲುಂಬಿನಿ ನಕ್ಕು ನಕ್ಕು ಶಹಾಬಾದ್ ಕಲ್ಲಿನ ನೆಲದ ಮೇಲೆ ಹೊರಳಾಡಿದಳು. ಸೆರಗಿನ ಅಂಚಿನಲ್ಲಿ ಮಡಚಿದ್ದ ಬಟ್ಟೆ ವಾರ್ನಿಷು ಕುಡಿದು ಕಟ್ಟಿಗೆಯಂತೆ ಗಟ್ಟಿಯಾಗಿತ್ತು. ಮುಚ್ಚುವಾಗ ಅದು ರೆಕ್ಕೆಗೆ ಒತ್ತುತ್ತಿತ್ತು. ಇಬ್ಬರೂ ಒಂದು ತಿಂಗಳಿಂದ ಕರೆಂಟಿನಲ್ಲಿ ತಪ್ಪು ಹುಡುಕುತ್ತಿದ್ದರು.

ಎಲ್ಲರ ನಗು ಮುಗಿದಾಗ ಭೀಮಮ್ಮ ಸೆರಗಿನ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಈ ಹುಡುಗಿ ತಾನು ಹೊಲಿದ ಬಟ್ಟೆಯ ಮೇಲೆ ಕೂತು ಆಕಾಶಕ್ಕೆ ಹೋಗುತ್ತಾಳೆ ಎಂಬುದು ಅವಳಿಗೆ ಅವತ್ತು ಪೂರ್ತಿ ಅರ್ಥವಾಯಿತು. ಸೆರಗಿನ ಬಟ್ಟೆಯನ್ನೆಲ್ಲ ಕಿತ್ತುಹಾಕಿ ಹೊಸದಾಗಿ ಹೊಲಿದಳು. ಮಿಕ್ಕ ಹೊಲಿಗೆಗಳನ್ನೆಲ್ಲ ಉಗುರಿನಿಂದ ಎಳೆದೆಳೆದು ನೋಡಿದಳು. ಆದರೂ ಅವಳ ಅಂಜಿಕೆ ಹೋಗಲಿಲ್ಲ. ವಿಮಾನ ಮೇಲೇರಿದಾಗೆಲ್ಲ ಶೆಡ್ಡಿನ ಬಾಗಿಲಲ್ಲಿ ಕಾಶಪ್ಪನ ಕೈ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ಕೂರುತ್ತಿದ್ದಳು. “ಇಳೀತೇನು? ಇಳೀತೇನು?” ಎಂದು ಕೇಳುತ್ತಲೇ ಇರುತ್ತಿದ್ದಳು. ದಂಡೋತಿಯ ಎಮ್ಮೆ ಕಾಯುವವರೂ ಕತ್ತೆತ್ತಿ ನೋಡಿದ ಆ ಹಾರಾಟವನ್ನು ಭೀಮಮ್ಮ ಒಂದು ಸಲವೂ ನೋಡಲಿಲ್ಲ.

ಭೀಮಮ್ಮ ಹಾಸಿಗೆ ಹಿಡಿದಾಗ ಲುಂಬಿನಿ ವಾಡಿಗೆ ಹೋಗಿ ಅವಳ ಪಕ್ಕ ಕೂತಿದ್ದಳು. “ಭೀಮಾಯಿ, ಜಲ್ದಿ ಆರಾಮಾಗು. ಒಮ್ಮೆರೆ ಕಣ್ಣು ತಗದು ನೋಡೀಯಂತ.”

“ನನ್ನ ಮಣ್ಣಿಗಿ ಬಾ,” ಎಂದಿದ್ದಳು ಭೀಮಮ್ಮ ನಗುತ್ತ. “ಮ್ಯಾಲ ಒಂದು ಸುತ್ತು ಹಾಕು. ಆವತ್ತು ನನಗ ಅಂಜಿಕಿ ಇರಂಗಿಲ್ಲ.”

* * *

ಶೆಡ್ಡಿನಲ್ಲಿ ಈಗ ಫ್ಯೂಸು ಸರಿಯಿತ್ತು. ಸ್ವಿಚ್ಚು ಸರಿಯಿತ್ತು. ಮೋಟಾರಿನವರೆಗೆ ಕರೆಂಟೂ ಬರುತ್ತಿತ್ತು. ಭೀಮಮ್ಮ ಹಾಸಿಗೆ ಹಿಡಿದಾಗಿನಿಂದ ಸುರೇಶಕುಮಾರನಿಗೆ ಶೆಡ್ಡಿನ ಬಾಗಿಲು ತೆರೆಯುವ ಮನಸ್ಸೇ ಆಗಿರಲಿಲ್ಲ. ನಿಂತಲ್ಲೇ ನಿಂತ ವಿಮಾನದಲ್ಲಿ ತಗಡಿನ ಕಾವಿಗೆ ಸ್ಕ್ರೂವಿನ ಗ್ರೀಸು ಕರಗಿ ಮೋಟಾರಿನೊಳಗೆ ಇಳಿದಿತ್ತು. ಬಿಚ್ಚಿ, ತೊಳೆದು, ಒಣಗಿಸಿ ಕೂಡಿಸಬೇಕು. ಇವತ್ತಿನ ಮಾತಲ್ಲ.

ಲುಂಬಿನಿ ನಟ್ಟು ಬಿಗಿಯುವ ಪಾನಾದ ಹಿಡಿಯಿಂದ ಮೋಟಾರಿಗೆ ಮೆಲ್ಲಗೆ ಬಡಿದಳು. ಸೆರಗು ಸರ್ರನೆ ಪೂರ್ತಿ ಮೇಲಕ್ಕೆ ಹೋಯಿತು. ಇಳಿಸಿದರೆ ಇಳಿಯಿತು. ಮತ್ತೆ ಏರಿಸಿ ಇಳಿಸಿದಾಗ ನಡುವೆ ನಿಂತಿತು. ಬಡಿದಾಗ ಮೇಲೇರಿತು.

“ಏರ್ತೀನಿ ಅಪ್ಪಾ,” ಎಂದಳು. “ಈಗ ಮ್ಯಾಲದ. ಇಳಿಯೋವಾಗ ಸೆರಗು ಬರಲಿಲ್ಲಂದ್ರ ಜರಾ ಜೋರಾಗಿ ಇಳಸ್ತೀನಿ.”

“ಮುಂದ ಹೊಳಿ ಅದ.”

“ಮಾತು ಕೊಟ್ಟೀನಿ.”

ಬೇರೆ ದಿನವಾಗಿದ್ದರೆ ಸುರೇಶಕುಮಾರ ಬೈದು ಕೆಳಗಿಳಿಸುತ್ತಿದ್ದ. ಇಂಥ ಸಂದರ್ಭದಲ್ಲಿ ಹಾರಬಾರದೆಂದು ಅವಳಿಗೆ ಕಲಿಸಿದವನೂ ಅವನೇ. ಆದರೆ ಇವತ್ತು ಅವನ ಎದೆಯಲ್ಲಿ ಅಕ್ಕನ ಸಾಲವೊಂದೇ ತುಂಬಿಕೊಂಡಿತ್ತು. ಅವಳು ಇಲ್ಲದಿದ್ದರೆ ಈ ವಿಮಾನ ಇವತ್ತಿಗೂ ಕೊಳವೆಗಳ ರಾಶಿ. ಅವಳು ಕೇಳಿದ್ದು ಒಂದೇ ಒಂದು ಸುತ್ತು. ಅವನು ಮುಖ ಬೇರೆ ಕಡೆ ತಿರುಗಿಸಿ, “ಇಂಜಿನ್ ಚಾಲೂ ಮಾಡು,” ಎಂದ.

“ಏನಾಗ್ಯಾದ ತಮ್ಮಾ?”

ಬಾಗಿಲಲ್ಲಿ ಕಾಶಪ್ಪ ಬಂದು ನಿಂತಿದ್ದ. ಹಿಂದೆ ಕರುಣಾ.

“ಸೆರಗು ಕೈ ಕೊಡ್ಲಿಕತ್ತದ ಮಾಮಾ.”

ಮುದುಕನ ಮುಖ ಇಳಿದುಹೋಯಿತು. “ಬಟ್ಟಿದೇನು?”

“ಇಲ್ಲಿಲ್ಲ. ಬಟ್ಟಿ ಭಾಳ ಚಂದ ಅದ. ಕೈಯಾಡ್ಸಿ ನೋಡೀನಿ. ಮೋಟಾರ್ದು ತಕರಾರು.”

ಕಾಶಪ್ಪ ಉಸಿರು ಬಿಟ್ಟ. ಆಮೇಲೆ ಲುಂಬಿನಿಯ ಕಡೆ ನೋಡಿದ. “ಹಂಗಾದ್ರ ಕೆಳಗ ಇಳಿ.”

“ಮುತ್ಯಾ, ಆಯಿಗಿ ಮಾತು ಕೊಟ್ಟೀನಿ ನಾನು.”

“ಮಾತು ಆಕಿಗಿ ಕೊಟ್ಟೀದಿ. ಆಕಿ ಕೈ ಹಿಡ್ಕೊಂಡು ಕುಂತಾವ ನಾನು. ನೀ ಮ್ಯಾಲ ಇರೋತನಕ ನನ್ನ ಕೈ ಹೆಂಗ ಹಿಸಕ್ತಿದ್ಲು ನಿನಗ ಗೊತ್ತದೇನು? ಬಳಿ ಒತ್ತಿ ಗುರ್ತು ಬೀಳ್ತಿತ್ತು.” ಅವನು ತನ್ನ ಖಾಲಿ ಕೈಯನ್ನು ನೋಡಿಕೊಂಡ. “ಇವತ್ತು ನೀ ಏರಿದ್ರ ನಾ ಯಾರ ಕೈ ಹಿಡ್ಕೊಂಡು ಕುಂದ್ರಲಿ?”

ಲುಂಬಿನಿ ಇಳಿದು ಬಂದು ಅವನ ಎದೆಗೆ ಹಣೆಯಿಟ್ಟಳು. ಸುರೇಶಕುಮಾರ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತ. ಅಕ್ಕನಿಗಾಗಿ ಅತ್ತನೋ, ತಾನು ಈಗಷ್ಟೇ ಹೇಳಿದ ಮಾತಿಗೆ ನಡುಗಿ ಅತ್ತನೋ ಅವನಿಗೇ ತಿಳಿಯಲಿಲ್ಲ. ಕಾಶಪ್ಪ ಸರಿಯಾದ ಹೊತ್ತಿಗೆ ಬಂದನಲ್ಲ, ಅದೊಂದು ಪುಣ್ಯ.

ಕರುಣಾ ವಿಮಾನದ ಸುತ್ತ ಒಮ್ಮೆ ನಡೆದು ಬಂದಳು. ಬಗ್ಗಿ ಗಾಲಿಯನ್ನು ಒತ್ತಿ ನೋಡಿದಳು.

“ಗಾಳಿ ಅದ,” ಎಂದಳು. “ಹಾರ್ಲಿಕ್ಕಿ ಆಗಂಗಿಲ್ಲಂದ್ರ ನಡೀಲಿ. ಅವ್ವ ಇದನ್ನ ನೋಡಿದ್ದೇ ನೆಲದ ಮ್ಯಾಲ. ದೂಡ್ಕೋತ ಹೋಗಮ್ ನಡೀರಿ.”

* * *

ನಡುವೆ ಬದುವಿತ್ತು. ಭಾಗಣ್ಣ ಕುಣಿ ತೋಡಿದ ಸಲಿಕೆಯನ್ನೇ ತಂದು ಬದು ಕಡಿಯತೊಡಗಿದ. ಸುದ್ದಿ ತಿಳಿದು ಕೂತವರೆಲ್ಲ ಎದ್ದರು. ತೊಗರಿಯ ಕೂಳೆಗಳು ಗಾಲಿಗೆ ಚುಚ್ಚುತ್ತವೆಂದು ಸುರೇಶಕುಮಾರ ಹೇಳಿದ್ದೇ ತಡ, ಗಂಡಸರು ಹೆಂಗಸರೆನ್ನದೆ ಸಾಲಾಗಿ ಬಗ್ಗಿ ಅವನ್ನು ಕೀಳುತ್ತ ದಾರಿ ಮಾಡಿದರು. ಸೇಡಂನಾಕೆ ರೇಷ್ಮೆಯಂಚಿನ ಸೀರೆಯನ್ನು ಎತ್ತಿ ಸಿಕ್ಕಿಸಿ ಎರಡೂ ಕೈಯಿಂದ ಕಿತ್ತಳು. ಅಮೀರ್ಬೀ ಮಾತ್ರ ಕೊಡೆ ಹಿಡಿದು ಗೆಳತಿಯ ಪಕ್ಕ ಉಳಿದಳು. ನಡೆಯುತ್ತಿರುವುದನ್ನೆಲ್ಲ ಅವಳಿಗೆ ಹೇಳುತ್ತಿದ್ದಳು.

“ಬದು ಕಡದ್ರು ಭೀಮವ್ವ. ಬರ್ಲಿಕತ್ಯಾರ. ಮೆಲ್ಲಕ ಬರ್ಲಿಕತ್ಯಾರ.”

ಬಿಳಿಯ ವಿಮಾನ ಹೆಗಲುಗಳ ನಡುವೆ ಓಲಾಡುತ್ತ ಬಂತು. ಭಜನೆಯವರು ತಾಳ ನಿಲ್ಲಿಸಲಿಲ್ಲ. ಕುಣಿಯ ಬದಿಗೆ ಬಂದಾಗ ಸುರೇಶಕುಮಾರ ಗಾಲಿಗೆ ಕಲ್ಲು ಕೊಟ್ಟ. ಬಲಗಡೆಯ ರೆಕ್ಕೆ ಚಟ್ಟದ ಮೇಲೆ, ಕುಣಿಯ ಮೇಲೆ, ಹತ್ತಿರ ನಿಂತವರ ತಲೆಯ ಮೇಲೆ ಚಾಚಿಕೊಂಡಿತು. ಹೊಲಕ್ಕೆ ನೆರಳು ಬಂತು. ಅಮೀರ್ಬೀ ಕೊಡೆ ಮಡಚಿದಳು.

ಭೀಮಮ್ಮನನ್ನು ಆ ನೆರಳಿನಲ್ಲೇ ಇಳಿಸಿದರು. ಮಣ್ಣು ಹಾಕಲು ಸರದಿಯಲ್ಲಿ ಬಂದವರು ಒಂದು ಕೈಯಲ್ಲಿ ಮಣ್ಣು ಹಿಡಿದು, ಯಾರೂ ಹೇಳದೆಯೇ, ಇನ್ನೊಂದು ಕೈಯಿಂದ ವಿಮಾನದ ಮಗ್ಗುಲಿನ ಬಟ್ಟೆಯನ್ನು ಮುಟ್ಟಿ ಮುಂದೆ ಹೋದರು. “ಬರ್ತೀವಿ ಯವ್ವಾ, ಭಾಳ ಮಾಡೀದಿ,” ಎಂದಳು ಒಬ್ಬಾಕೆ. ಲುಂಬಿನಿ ಮಣ್ಣು ಬಿಟ್ಟಳು. ಸುರೇಶಕುಮಾರ ಅಕ್ಕಾ ಎಂದಷ್ಟೇ ಅಂದ.

ಎಲ್ಲರದೂ ಆದ ಮೇಲೆ ಕಾಶಪ್ಪ ಕುಣಿಯ ಹತ್ತಿರ ಬಂದು ತಲೆ ಎತ್ತಿದ. ಇಳಿಬಿಸಿಲು ರೆಕ್ಕೆಯ ಬಟ್ಟೆಯನ್ನು ತೂರಿ ಬರುತ್ತಿತ್ತು. ಆ ಬೆಳಕಿನಲ್ಲಿ ಒಳಗಿನ ಎಲುಬುಗಳೂ ಅವುಗಳ ಗುಂಟ ಹಾಕಿದ ಒಂದೊಂದು ಹೊಲಿಗೆಯೂ ಎಣಿಸುವಷ್ಟು ನಿಚ್ಚಳವಾಗಿ ಕಾಣುತ್ತಿದ್ದವು. ಅವನು ಕೈ ಚಾಚಿದ. ಎಟುಕಲಿಲ್ಲ. ಹಟ ಬಿಡದೆ ತುದಿಗಾಲಲ್ಲಿ ನಿಂತು ಇನ್ನೊಮ್ಮೆ ಚಾಚಿದ.

ಕರುಣಾ, ಲುಂಬಿನಿ ಇಬ್ಬರೂ ರೆಕ್ಕೆಗೆ ಆಸರೆಯಾಗಿದ್ದ ಓರೆ ಕೊಳವೆಯನ್ನು ಹಿಡಿದು ಜೋತುಬಿದ್ದರು. ಆಚೆಗಿನ ಗಾಲಿ ನೆಲದಿಂದ ಒಂಚೂರು ಎದ್ದಿತು. ರೆಕ್ಕೆ ಮೆಲ್ಲಗೆ ಬಾಗುತ್ತ ಬಂತು, ಮುದುಕನ ಅಂಗೈಗೆ ಬಟ್ಟೆ ಸಿಗುವವರೆಗೆ.